ಜಾತ್ರೆಯ ಊಟ

ಜಾತ್ರೆಗೆ ಹೋಗುವವರಲ್ಲಿ ಎರಡು ಬಗೆ. ದೇವರ ದರ್ಶನಕ್ಕೆಂದು ಹೋಗಿ ಬರುವಾಗ ಬೆಂಡುಬತ್ತಾಸು ಕೊಂಡು ತರುವವರು ಒಂದು ಬಗೆ. ಬೆಂಡುಬತ್ತಾಸಿಗೆಂದೇ ಹೋಗಿ, ಹೋದುದಕ್ಕೆ ದೇವರಿಗೂ ಒಂದು ಕೈ ಮುಗಿದು ಬರುವವರು ಇನ್ನೊಂದು ಬಗೆ. ಎರಡನೆಯವರನ್ನು ಶಿಷ್ಟರು ಹಳಿಯಬಹುದು. ಆದರೂ ಜಾತ್ರೆಗಳು ಇಷ್ಟು ಕಾಲ ಉಳಿದು ಬಂದಿರುವುದರಲ್ಲಿ ಅವರ ಪಾಲು ಅಲ್ಪವಾದುದಲ್ಲ. ಇನ್ನು ದೇವರೇ ಇಲ್ಲದ ಜಾತ್ರೆಯೊಂದು ಇದ್ದರೆ, ಅಲ್ಲಿಗೆ ಹೋಗುವವರೆಲ್ಲರೂ ಬಹುಮಟ್ಟಿಗೆ ಈ ಎರಡನೆಯ ಬಗೆಗೇ ಸೇರಬೇಕಾಗುತ್ತದೆ. ಅಂತಹ ಜಾತ್ರೆ ಅಮೆರಿಕಾ ದೇಶದಲ್ಲಿ ಉಂಟು. ‘ರಿನೈಸಾನ್ಸ್ ಫೇರ್’ ಎಂದು ಅದರ ಹೆಸರು. ಯೂರೋಪ ಖಂಡದ ಪುನರುಜ್ಜೀವನ ಕಾಲವನ್ನು, ಎಂದರೆ ಸುಮಾರಾಗಿ ಹದಿನೈದು ಹದಿನಾರನೆಯ ಶತಮಾನಗಳನ್ನು, ಒಂದು ಬಯಲಿನಲ್ಲಿ ಮತ್ತೆ ಕಟ್ಟಿ ನಿಲ್ಲಿಸಿ, ಆ ಕಾಲದ ಉಡುಪನ್ನು ಉಟ್ಟು, ಆ ಕಾಲದ್ದೆಂದು ಹೇಳುವ ಆಹಾರಪಾನೀಯಗಳನ್ನು ಸೇವಿಸುವ ಉತ್ಸವವದು.

ಇದರ ಮೂಲ ಬಹಳ ಪುರಾತನವಾದುದಲ್ಲ. ೧೯೬೩ನೆಯ ಇಸವಿಯಲ್ಲಿ ಲಾಸ್ ಏಂಜಲೀಸ್ ನಗರದಲ್ಲಿ ಫಿಲಿಸ್ ಪ್ಯಾಟರ್ಸನ್ ಎಂಬ ಉಪಾಧ್ಯಾಯಿನಿಯೂ ಆಕೆಯ ಪತಿ ರಾನ್ ಪ್ಯಾಟರ್ಸನ್ನರೂ ಕೂಡಿ, ಒಂದು ರೇಡಿಯೋ ನಿಲಯಕ್ಕೆ ಧನಸಂಗ್ರಹ ಮಾಡಿಕೊಡುವ ಸಲುವಾಗಿ ಮೊದಲನೆಯ ಜಾತ್ರೆಯನ್ನು ನಡೆಸಿದರು. ಆ ಮಹಾತಾಯಿ ಅದಕ್ಕೆ ಮುಂಚೆ ತನ್ನ ಮನೆಯ ಹಿತ್ತಿಲಿನಲ್ಲಿ ಮಕ್ಕಳಿಗೆ ನಾಟಕ ಕಲಿಸುತ್ತಿದ್ದವಳು. ಹಿತ್ತಿಲಿನಲ್ಲಿ ಮೊಳೆತುದು ಇಂದು ಆ ದೇಶದ ಅನೇಕ ಪ್ರಾಂತಗಳಲ್ಲಿ ಹಬ್ಬಿಕೊಂಡಿದೆ. ಮೇರಿಲ್ಯಾಂಡ್ ಪ್ರಾಂತದ ಜಾತ್ರೆ ೧೯೭೭ರಲ್ಲಿ ಆರಂಭವಾಗಿ, ೧೯೮೫ರಿಂದ ಅನಾಪೊಲಿಸ್ ಪಟ್ಟಣದ ಸಮೀಪದ ಕ್ರೌನ್ಸ್‌ವಿಲ್ ಎಂಬಲ್ಲಿ ಮರಗಳ ನಡುವೆ ನೆಲೆನಿಂತಿದೆ. ಆಗಸ್ಟ್ ತಿಂಗಳ ಕೊನೆಯಿಂದ ಅಕ್ಟೋಬರಿನವರೆಗೆ ಶನಿವಾರ ಭಾನುವಾರಗಳಲ್ಲಿ ಅಲ್ಲಿ ಇಂಗ್ಲೆಂಡಿನ ಎಂಟನೆಯ ಹೆನ್ರಿಯ ಒಡ್ಡೋಲಗ ಸೇರುತ್ತದೆ. ಅಶ್ವಾರೂಢರಾದ ವೀರರು ಉದ್ದನೆಯ ಈಟಿಗಳನ್ನು ಹಿಡಿದು ಎದುರುಬದುರಾಗಿ ನುಗ್ಗುವ ಆಟವೂ ನಡೆಯುತ್ತದೆ. ೧೯೬೨ರಲ್ಲಿ ಈ ಆಟವನ್ನೇ ಆ ಪ್ರಾಂತದವರು ತಮ್ಮ ಅಧಿಕೃತ ಕ್ರೀಡೆಯೆಂದು ಸಾರಿಕೊಂಡಿದ್ದಾರೆ.

ಈಚಿನ ಒಂದು ಭಾದ್ರಪದ ಮಾಸದಲ್ಲಿ, ಶರಾವತಿಯ ಸೀಮೆಯಿಂದ ಹೋಗಿದ್ದ ಹಿರಿಯ ಗೃಹಸ್ಥರೊಬ್ಬರು ಈ ಜಾತ್ರೆಯನ್ನು ನೋಡಿದರು. ಅವರ ಮಗ ಅಲ್ಲಿ ಉದ್ಯೋಗದಲ್ಲಿದ್ದಾನೆ. ಸೊಸೆಯೂ ಉದ್ಯೋಗಸ್ಥೆ. ಮೊಮ್ಮಗನಿಗೆ ಹತ್ತು ವರ್ಷ. ಪತ್ನಿ ತೀರಿಕೊಂಡು ಎರಡು ವರ್ಷವಾಗುತ್ತ ಬಂದಿತ್ತು. ಮೊದಲನೆಯ ವರ್ಷದ ಕರ್ಮವನ್ನು ಮಗ ಊರಿಗೆ ಬಂದು ಯಥಾವತ್ತಾಗಿ ನೆರವೇರಿಸಿದ್ದ. ಈ ಸಲ ರಜೆ ದೊರೆಯದ ಕಾರಣ ತಂದೆಯನ್ನೇ ಕರೆಸಿಕೊಂಡಿದ್ದ. ತಿಥಿ ಭಾದ್ರಪದ ಬಹುಳ ಷಷ್ಠಿ; ಅದು ಬುಧವಾರ ಬಿದ್ದಿತ್ತು.

ಆ ವಿಷಯದಲ್ಲಿಯೇ ತಂದೆಗೂ ಮಗನಿಗೂ ಒಂದು ಮನಸ್ತಾಪ ಉಂಟಾಯಿತು. ಜಗಳವೆಂದು ಹೇಳಲಾಗದು, ಅವರ ಮನೆಯಲ್ಲಿ ಯಾರೂ ದನಿ ಎತ್ತಿದವರಲ್ಲ. “ಅಪ್ಪಯ್ಯ, ಈ ಸಲ ದೇವಸ್ಥಾನದಲ್ಲಿ ಸಂಕಲ್ಪ ಮಾಡಿಸಿ ದಕ್ಷಿಣೆ ಕೊಟ್ಟು ಬಂದರೆ ಸಾಲದೇ?” ಎಂದು ಮಗ ಕೇಳಿದ. ತಂದೆ ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮಗ, “ಮನೆಯಲ್ಲೇ ಆಗಲಿ ಎಂದರೆ ಆಗಲಿ. ಆದರೆ ಅದು ಆಗದು, ಇದು ಆಗದು ಎಂಬ ಪಟ್ಟಿ ಹಿಡಿದು ಅಡಿಗೆ ಮಾಡುವವರು ಇಲ್ಲಿ ಯಾರು? ಆಲೂಗಡ್ಡೆ ಹಾಕಿದರೆ ಅಮ್ಮ ಬೇಡ ಎನ್ನುತ್ತಾಳೆಯೇ? ಆಲೂಗಡ್ಡೆ ಅವಳಿಗೆ ಇಷ್ಟವಾಗಿತ್ತಲ್ಲ” ಎಂದ. ಮಾತು ಸುಳ್ಳಲ್ಲ. ಆಕೆಗೆ ಆಲೂಗಡ್ಡೆಯ ಪಲ್ಯ ನಿಜವಾಗಿಯೂ ಇಷ್ಟವಾಗಿತ್ತು. ಸುಳ್ಳಲ್ಲವಾದುದರಿಂದಲೇ ತಂದೆಗೆ ಹೆಚ್ಚು ನೋವಾಯಿತು. “ನಿನ್ನ ತಾಯಿಯ ಕರ್ಮ, ಕರ್ತ ನೀನು. ನಿನಗೆ ತೋರಿದಂತೆ ಮಾಡು” ಎಂದು ಹೇಳಿ ಕೋಣೆಗೆ ಹೋದರು. ಆ ಮೇಲೆ ಮೂರು ದಿನ ಮನೆಯಲ್ಲಿ ಹವೆಯನ್ನು ಕುರಿತ ಮಾತು ಬಿಟ್ಟು ಬೇರೆ ಮಾತು ನಡೆಯಲಿಲ್ಲ. ಭಾನುವಾರ ಬೆಳಿಗ್ಗೆ ಸೊಸೆಯೇ ಮುಂದಾಗಿ, “ಮಾವಯ್ಯ, ಹುಡುಗ ಜಾತ್ರೆ ಜಾತ್ರೆ ಎನ್ನುತ್ತಿದ್ದಾನೆ. ತಾವೂ ಬನ್ನಿ” ಎಂದು ಎಲ್ಲರನ್ನೂ ಮೋಟಾರು ಹತ್ತಿಸಿದಳು.

ಜಾತ್ರೆಯ ಬಾಗಿಲಿನಲ್ಲಿಯೇ ಹೊಗೆ ಎದುರುಗೊಂಡಿತು. ಮರದ ಅಟ್ಟಗಳು, ಪಟಗಳು, ಮುಖಕ್ಕೆ ಬಣ್ಣ ಹಚ್ಚಿಕೊಂಡ ವಿದೂಷಕರು, ಕಬ್ಬಿಣದ ಕವಚ ತೊಟ್ಟು ಬೆವರುವ ಭಟರು, ನೆಲ ಗುಡಿಸುವ ಲಂಗದ ಹೆಂಗಸರು, ಇವರ ನಡುವೆ ಎಲ್ಲೆಲ್ಲಿಯೂ ತಿನ್ನುವವರು. ಇಂತಹ ಜಾತ್ರೆಗಳ ಲಾಂಛನವೆಂದು ಹೇಳಬಹುದಾದುದು ಟರ್ಕಿ ಕೋಳಿಯ ತೊಡೆ. ಅದನ್ನು ಉಪ್ಪಿನಲ್ಲಿ ನೆನೆಯಿಸಿ ಹೊಗೆಯಲ್ಲಿ ಬೇಯಿಸುತ್ತಾರೆ, ಗದೆಯಂತಹ ಗಾತ್ರ. ಅದನ್ನು ಕೈಯಲ್ಲಿ ಹಿಡಿದು ಕಚ್ಚುತ್ತ ನಡೆಯುವವನು ತಾನೇ ಹೆನ್ರಿ ರಾಜನೆಂದು ಭಾವಿಸುತ್ತಾನೆ. ಹಿರಿಯರು ಉತ್ತರೀಯದಿಂದ ಮೂಗನ್ನು ಮರೆಮಾಡಿಕೊಂಡರೂ, ಕಣ್ಣನ್ನು ಮರೆಮಾಡಿಕೊಳ್ಳಲಿಲ್ಲ. ಅಂಗಡಿಗಳಲ್ಲಿ ಇನ್ನೂ ಏನೇನಿದೆಯೆಂದು ನೋಡುತ್ತ ಹೋದರು. ಕರಿದ ಆಲೂಗಡ್ಡೆ, ಸುಟ್ಟ ಮುಸುಕಿನ ಜೋಳ, ಟೊಮೇಟೊ ಗೊಜ್ಜು, ಚಾಕೊಲೇಟು. ಅವರ ತುಟಿಯ ಮೇಲೆ ಮೂರು ದಿನಗಳ ತರುವಾಯ ಮೊದಲನೆಯ ನಗೆ ಕಾಣಿಸಿಕೊಂಡಿತು.

“ಏಕೆ ಅಜ್ಜಯ್ಯ ನಗುವುದು?” ಎಂದು ಹುಡುಗ ಕೇಳಿದ.

“ರಾಜನ ಕಾಲದ ಊಟವೆಂದು ಇವರು ಹೇಳುತ್ತಾರೆ. ಇದರಲ್ಲಿ ಮುಕ್ಕಾಲು ಪಾಲನ್ನು ಆ ರಾಜ ಕಂಡಿದ್ದು ಸಂದೇಹ ಮಗು” ಎಂದರು.

ಆ ಬಳಿಕ ಅವರು ವಿವರಿಸಿದುದು ಹೀಗೆ. ಆಲೂಗಡ್ಡೆ, ಟೊಮೇಟೊ, ಮುಸುಕಿನ ಜೋಳ, ಚಾಕೊಲೇಟಿನ ಬೀಜ, ಟರ್ಕಿ ಕೋಳಿ, ಇವೆಲ್ಲ ಅಮೆರಿಕಾ ಖಂಡದವು. ೧೪೯೨ರಲ್ಲಿ ಕೊಲಂಬಸ್ ಸಮುದ್ರ ದಾಟುವ ಮುನ್ನ ಯೂರೋಪಿನವರಿಗೆ ಇವುಗಳ ಹೆಸರೂ ತಿಳಿಯದು. ಹೆನ್ರಿ ಆಳಿದುದು ೧೫೦೯ರಿಂದ ೧೫೪೭ರವರೆಗೆ. ಅವನ ಆಳಿಕೆಯ ಕೊನೆಗಾಲಕ್ಕೆ ಟರ್ಕಿ ಕೋಳಿಯೊಂದು ಮಾತ್ರ ಇಂಗ್ಲೆಂಡನ್ನು ಮುಟ್ಟಿತ್ತು. ೧೫೪೧ರಲ್ಲಿ ಆರ್ಚ್‌ಬಿಷಪ್ ಕ್ರಾನ್ಮರನು ಪಾದ್ರಿಗಳ ಭೋಜನಕ್ಕೆ ಮಿತಿಯನ್ನು ವಿಧಿಸುವಾಗ ಕೊಕ್ಕರೆ ಹಂಸಗಳ ಸಾಲಿನಲ್ಲಿ ಅದನ್ನೂ ಹೆಸರಿಸಿದ್ದಾನೆ. ಎಂದರೆ ಅದು ದೊಡ್ಡವರ ಮೇಜಿನ ಅಪರೂಪದ ಭಕ್ಷ್ಯ, ಬೀದಿಯಲ್ಲಿ ಕಚ್ಚಿಕೊಂಡು ಹೋಗುವ ಪದಾರ್ಥವಲ್ಲ. ಆ ಪಕ್ಷಿಯ ಹೆಸರುಗಳ ಕಥೆಯಂತೂ ಇನ್ನೂ ಸ್ವಾರಸ್ಯವಾದುದು. ಅದು ಬಂದುದು ಮೆಕ್ಸಿಕೋ ಸೀಮೆಯಿಂದ. ಇಂಗ್ಲಿಷರು ಅದನ್ನು ತುರುಕರ ದೇಶದ ಕೋಳಿ ಎಂದರು. ತುರುಕರಾದರೋ ಅದನ್ನು ‘ಹಿಂದಿ’ ಎನ್ನುತ್ತಾರೆ. ಫ್ರೆಂಚರ ಮಾತಿನಲ್ಲಿಯೂ ಅದು ಇಂಡಿಯಾದ ಕೋಳಿ. ಡಚ್ಚರು ಇನ್ನೂ ಮುಂದೆ ಹೋಗಿ ಕಲ್ಲಿಕೋಟೆಯ ಕೋಳಿ ಎಂಬರ್ಥದಲ್ಲಿ ‘ಕಲ್ಕೂನ್’ ಎಂದು ಕರೆದರು. ಹೀಗೆ, ಕಲ್ಲಿಕೋಟೆಯವರು ಕಾಣದ ಹಕ್ಕಿ ಕಲ್ಲಿಕೋಟೆಯದಾಯಿತು. “ಹೊಸದು ಬಂದಾಗ ಅದು ಎಲ್ಲಿಂದ ಬಂತೆಂದು ಯಾರೂ ವಿಚಾರಿಸುವುದಿಲ್ಲ. ದೂರದಿಂದ ಬಂತು ಎಂಬುದಷ್ಟೇ ತಿಳಿಯುವುದು” ಎಂದು ಅವರು ಮುಗಿಸಿದರು.

ಹುಡುಗ ಕೇಳಿದುದಕ್ಕಿಂತ ಮಗ ಹೆಚ್ಚಾಗಿ ಕೇಳುತ್ತಿದ್ದ. ಆದರೆ ಕೇಳುತ್ತಿದ್ದೇನೆಂದು ತೋರಗೊಡಲಿಲ್ಲ.

ಮುಂದೆ ಒಂದು ಅಂಗಡಿಯ ಹಲಗೆಯ ಮೇಲೆ ‘ಮೀಡ್’ ಎಂದು ಬರೆದಿತ್ತು. ಹಿರಿಯರು ಅದೇನೆಂದು ಮಗನನ್ನು ಕೇಳಿದರು. ಮೂರು ದಿನಗಳಲ್ಲಿ ನೇರವಾಗಿ ಕೇಳಿದ ಮೊದಲನೆಯ ಪ್ರಶ್ನೆ ಅದು. ಜೇನುತುಪ್ಪದ ಮದ್ಯವೆಂದು ಮಗ ಸಂಕೋಚದಿಂದ ಹೇಳಿದ. ಜೇನಿನಲ್ಲಿ ನೂರಕ್ಕೆ ಹದಿನೆಂಟು ಪಾಲಿನಷ್ಟೇ ನೀರಿರುವುದರಿಂದ ಅದು ತಾನಾಗಿ ಹುಳಿಯುವುದಿಲ್ಲ. ಅದಕ್ಕೆ ಎರಡು ಮೂರರಷ್ಟು ನೀರು ಬೆರೆಸಿ ಯೀಸ್ಟ್ ಎಂಬ ಹುದುಗು ಹಾಕಿ ತಿಂಗಳುಗಟ್ಟಲೆ ಇಟ್ಟರೆ ಮೀಡ್ ಆಗುತ್ತದೆ. ಹಿರಿಯರು ಹಲಗೆಯನ್ನೇ ನೋಡುತ್ತ ನಿಂತರು. “ಮೀಡ್ ಎಂದರೆ ನಮ್ಮ ಮಧು” ಎಂದರು. ಶಬ್ದಶಾಸ್ತ್ರಜ್ಞರು ಒಪ್ಪಿದ ಮಾತೇ ಅದು. ಸಂಸ್ಕೃತದ ‘ಮಧು’, ಗ್ರೀಕರ ‘ಮೆಥು’, ರಷ್ಯನರ ‘ಮ್ಯೋದ್’, ಇಂಗ್ಲಿಷರ ‘ಮೀಡ್’, ಇವು ಒಂದೇ ತಾಯಿಯ ಮಕ್ಕಳು. ವೇದದಲ್ಲಿ ಮಧು ಎಂದರೆ ಜೇನೂ ಹೌದು, ಸವಿಯಾದ ಪಾನವೂ ಹೌದು. ಮನೆಗೆ ಬಂದ ಪೂಜ್ಯ ಅತಿಥಿಗೆ ಕೊಡುವ ಮಧುಪರ್ಕದಲ್ಲಿ ಮೊಸರಿನೊಡನೆ ಬೆರೆಯುವುದೂ ಅದೇ. “ಕುಡಿ ಎಂದು ನಾನು ಹೇಳಲಾರೆ. ಆದರೆ ಈ ಬಯಲಿನಲ್ಲಿ ನಿಜವಾಗಿ ಹಳೆಯದು ಎಂಬುದು ಏನಾದರೂ ಇದ್ದರೆ ಈ ಹೆಸರೊಂದೇ” ಎಂದರು. “ಮೋಟಾರು ನಡೆಸಬೇಕು, ನಾನೂ ಕುಡಿಯುವುದಿಲ್ಲ ಅಪ್ಪಯ್ಯ” ಎಂದು ಮಗ ನಕ್ಕ.

ಹೊತ್ತು ಮಧ್ಯಾಹ್ನಕ್ಕೆ ಬಂದಿತ್ತು. ಹಿರಿಯರು ಹೊರಗಡೆ ಬೇಯಿಸಿದ ಅನ್ನವನ್ನು ಉಣ್ಣುವವರಲ್ಲ. ಸೊಸೆ ಸಕ್ಕರೆ ಪಾಕದಲ್ಲಿ ಹುರಿದ ಬಾದಾಮಿಯ ಪೊಟ್ಟಣವೊಂದನ್ನು ತಂದು, ಇದಕ್ಕೆ ದೋಷವಿಲ್ಲವೆಂದು ತಾನೇ ತೀರ್ಪು ಹೇಳಿ ಅವರ ಕೈಯಲ್ಲಿಟ್ಟಳು. ಅದನ್ನು ಬಾಯಿಗೆ ಹಾಕಿಕೊಂಡು, “ಇದು ಹೆನ್ರಿಗೆ ಸಲ್ಲುವಂತಹುದು” ಎಂದರು. ಬಾದಾಮಿ ಸಕ್ಕರೆಗಳ ಭಕ್ಷ್ಯಗಳು ಅಂದಿನ ಅರಮನೆಯ ಔತಣಗಳಿಗೆ ನಿಜವಾಗಿಯೂ ಸೇರಿದವು. ಸಕ್ಕರೆ ಅಂದು ಅಲ್ಲಿ ದುಬಾರಿಯ ವಸ್ತು. ಅವರ ‘ಶುಗರ್’ ನಮ್ಮ ಶರ್ಕರಾ. ಅವರ ‘ಕ್ಯಾಂಡಿ’ ನಮ್ಮ ಖಂಡ. ಪಕ್ಕದ ಹಲಗೆಯ ಮೇಲೆ ಒಂದು ಸಂಸಾರ ತಿರುಳು ತೆಗೆದ ಉಂಡೆರೊಟ್ಟಿಯಲ್ಲಿ ಸಾರು ತುಂಬಿಕೊಂಡು, ಕೊನೆಗೆ ಪಾತ್ರೆಯನ್ನೂ ಮುರಿದು ತಿನ್ನುತ್ತಿದ್ದಿತು. ಮಧ್ಯಯುಗದಲ್ಲಿ ಅಲ್ಲಿ ಹಳೆಯ ರೊಟ್ಟಿಯ ದಪ್ಪ ತುಂಡೇ ತಟ್ಟೆ. ಊಟವಾದ ಮೇಲೆ ಅದು ಬಡವರಿಗೆ ಹೋಗುತ್ತಿತ್ತು. ತೊಳೆಯುವ ಕೆಲಸವಿಲ್ಲದ ನಮ್ಮ ಬಾಳೆಲೆಗೆ ಅದು ದಾಯಾದಿ. ಎಲ್ಲರೂ ಕೈಯಿಂದಲೇ ತಿನ್ನುತ್ತಿದ್ದರು. ಅದೂ ಕಾಲಕ್ಕೆ ಒಪ್ಪುವುದೇ. ಇಂಗ್ಲೆಂಡಿನವರಿಗೆ ಊಟದ ಮುಳ್ಳುಚಮಚ ವಾಡಿಕೆಯಾದುದು ಬಹಳ ತಡವಾಗಿ. ಥಾಮಸ್ ಕೋರಿಯಟ್ ಎಂಬ ಪ್ರವಾಸಿ ಇಟಲಿಯಲ್ಲಿ ಅದನ್ನು ಕಂಡು ಬೆರಗಾಗಿ ೧೬೧೧ರ ತನ್ನ ಗ್ರಂಥದಲ್ಲಿ ವರ್ಣಿಸಿದ. ಆ ಪುಣ್ಯಾತ್ಮ ಆ ಮೇಲೆ ಕಾಲ್ನಡೆಯಾಗಿ ಇಂಡಿಯಾಕ್ಕೆ ಬಂದು, ಮುಳ್ಳುಚಮಚವನ್ನು ಕೇಳುವವರೇ ಇಲ್ಲದ ನಾಡಿನಲ್ಲಿ ಅಲೆದು, ೧೬೧೭ರಲ್ಲಿ ಸೂರತ್ತಿನಲ್ಲಿ ತೀರಿಕೊಂಡ.

ಸುಟ್ಟ ಜೋಳವನ್ನು ಕಡಿಯುತ್ತಿದ್ದ ಹುಡುಗ ಬಹಳ ಹೊತ್ತು ಯೋಚಿಸಿ ಕೇಳಿದ: “ಅಜ್ಜಯ್ಯ, ಹೆನ್ರಿ ರಾಜ ಇದ್ದಾಗ ನಮ್ಮ ಊರಿನಲ್ಲಿ ಏನು ತಿನ್ನುತ್ತಿದ್ದರು?”

ಹಿರಿಯರು ಉತ್ಸಾಹದಿಂದಲೇ ಆರಂಭಿಸಿದರು. ಹೆನ್ರಿ ಪಟ್ಟವೇರಿದ ೧೫೦೯ರಲ್ಲಿಯೇ ವಿಜಯನಗರದಲ್ಲಿ ಕೃಷ್ಣದೇವರಾಯನಿಗೂ ಪಟ್ಟವಾಯಿತು. ಅದಕ್ಕೆ ಸ್ವಲ್ಪ ಹಿಂದುಮುಂದಾಗಿ ಮೂರನೆಯ ಮಂಗರಸನೆಂಬ ಜೈನಕವಿ ಕನ್ನಡದಲ್ಲಿ ಸೂಪಶಾಸ್ತ್ರವನ್ನು ರಚಿಸಿದ. ಬದನೆ, ಬಾಳೆ, ಹಲಸುಗಳ ಪಾಕಗಳನ್ನು ಷಟ್ಪದಿಯಲ್ಲಿ ಹಾಡಿದ ಗ್ರಂಥ. ಅದೇ ಶತಮಾನದ ಉತ್ತರಾರ್ಧದಲ್ಲಿ, ಹೆನ್ರಿಯ ಮಗಳು ಎಲಿಜಬೆತ್ ಇಂಗ್ಲೆಂಡನ್ನು ಆಳುತ್ತಿದ್ದಾಗ, ಗೇರುಸೊಪ್ಪೆಯಲ್ಲಿ ಚೆನ್ನಭೈರಾದೇವಿ ಆಳುತ್ತಿದ್ದಳು. ಪೋರ್ಚುಗೀಸರು ಆಕೆಯನ್ನು ಮೆಣಸಿನ ರಾಣಿ ಎಂದು ಕರೆದರು. ಯೂರೋಪಿನವರು ಸಮುದ್ರ ದಾಟಿದುದೇ ಮುಖ್ಯವಾಗಿ ಆ ಮೆಣಸಿಗಾಗಿ. ಕೊಲಂಬಸನು ಹೊರಟುದೂ ಅದನ್ನೇ ಹುಡುಕಿ; ಕಂಡುದು ಬೇರೆ ಖಂಡ, ತಂದುದು ಮೆಣಸಿನಕಾಯಿ.

ಇಲ್ಲಿಗೆ ಬಂದಾಗ ಹುಡುಗ, “ಹಾಗಾದರೆ ಅಜ್ಜಯ್ಯನ ಸಾರಿಗೆ ಹಾಕುವ ಮೆಣಸಿನಕಾಯಿಯೂ ಇಲ್ಲಿಯದೇ?” ಎಂದ.

ಹಿರಿಯರು ಸ್ವಲ್ಪ ಸುಮ್ಮನಾದರು. ಪರರ ಜಾತ್ರೆಯಲ್ಲಿ ಕಂಡ ಲೋಪ ತಮ್ಮ ಎಲೆಯ ಮೇಲೆಯೇ ಇತ್ತು. ಮೆಣಸಿಗೆ ಬದಲಾಗಿ ಬಂದು, ಅದರ ಹೆಸರನ್ನೂ ಕಸಿದುಕೊಂಡು ಮೆಣಸಿನಕಾಯಿ ಎನ್ನಿಸಿಕೊಂಡುದು ನಮ್ಮ ಸಾರಿನೊಳಗೆ ಸನಾತನವಾಗಿ ಕುಳಿತಿದೆ. ಪರಂಗಿ ಹಣ್ಣು ತನ್ನ ಹೆಸರಿನಲ್ಲಿಯೇ ಪರಂಗಿಯವರನ್ನು ಹೊತ್ತುಕೊಂಡಿದೆ. ಸೀಮೆಬದನೆ ಎಂಬ ಮಾತಿನಲ್ಲಿ ‘ಸೀಮೆ’ ಎಂಬುದೇ ಸಾಕ್ಷಿ. ಪಾಯಸದ ಗೇರುಬೀಜ, ಉಪ್ಪಿಟ್ಟಿನ ಕಡಲೆಕಾಯಿ ಬೀಜ, ಅವೂ ಅದೇ ಹಡಗುಗಳ ಹಾದಿಯಿಂದ ಬಂದವು. “ಹೌದು ಮಗು, ಅದೂ ಇಲ್ಲಿಯದೇ. ಅಜ್ಜಯ್ಯನೂ ಇವರಂತೆಯೇ” ಎಂದು ಒಪ್ಪಿಕೊಂಡರು.

“ಹಾಗಾದರೆ ಪೂರ್ತಿ ಹಳೆಯ ಊಟ ಎಲ್ಲಿಯೂ ಸಿಗುವುದಿಲ್ಲವೇ?”

ಹಿರಿಯರು ಕೂಡಲೇ ಉತ್ತರಿಸಲಿಲ್ಲ. ಅವರ ದೃಷ್ಟಿ ಕೈಯಲ್ಲಿದ್ದ ಪೊಟ್ಟಣದ ಮೇಲಿತ್ತು. “ಸಿಗುತ್ತದೆ. ವರ್ಷಕ್ಕೆ ಒಂದು ದಿನ. ಸತ್ತವರಿಗೆ ಬಡಿಸುವಾಗ” ಎಂದರು.

ಬಳಿಕ ಸಣ್ಣ ದನಿಯಲ್ಲಿ, ಹುಡುಗನಿಗೆ ಮಾತ್ರ ಎಂಬಂತೆ ಹೇಳತೊಡಗಿದರು. ಶ್ರಾದ್ಧದ ಅಡಿಗೆಯಲ್ಲಿ ಮೆಣಸಿನಕಾಯಿ ಇಲ್ಲ. ಕಾರಕ್ಕೆ ಮೆಣಸು, ಶುಂಠಿ, ಜೀರಿಗೆ. ಆಲೂಗಡ್ಡೆ ಇಲ್ಲ, ಬಾಳೆಕಾಯಿ, ಕೆಸುವಿನ ಗೆಡ್ಡೆ. ಟೊಮೇಟೊ ಇಲ್ಲ. ಹೆಸರುಬೇಳೆ, ಉದ್ದಿನ ವಡೆ, ಎಳ್ಳು, ಬೆಲ್ಲ, ತುಪ್ಪ, ಹಾಗಲಕಾಯಿ. ಹಳೆಯವರು ಹೆಸರಿಸಿದ್ದನ್ನು ಬಿಡದೆ, ಹೆಸರಿಸದ್ದನ್ನು ಸೇರಿಸದೆ ಅಡಿಗೆಯ ಹೆಂಗಸರು ನಡೆಸಿಕೊಂಡು ಬಂದರು. ಎಲ್ಲ ನಿಷೇಧಕ್ಕೂ ಇದೇ ಕಾರಣವೆಂದು ಹೇಳಲಾಗದು. ಈರುಳ್ಳಿ ಬೆಳ್ಳುಳ್ಳಿಗಳು ಬಹು ಹಿಂದಿನವು, ಅವೂ ವರ್ಜ್ಯವೇ. ಆದರೆ ಹಡಗಿನಲ್ಲಿ ಬಂದುದೆಲ್ಲ ಉಳಿದ ಮುನ್ನೂರ ಚಿಲ್ಲರೆ ದಿನಗಳಲ್ಲಿ ಒಳಗೆ ಬಂದು ಕುಳಿತರೂ, ಆ ಒಂದು ದಿನ ಹೊಸ್ತಿಲ ಆಚೆಗೇ ನಿಂತಿತು. “ನಿನ್ನ ಅಜ್ಜಿಗೆ ಇದು ಯಾವ ಪುಸ್ತಕದಿಂದಲೂ ತಿಳಿದುದಲ್ಲ. ಅತ್ತೆಯಿಂದ ಕಲಿತಳು. ಅವರು ಅವರ ಅತ್ತೆಯಿಂದ. ಅವಳಿಗೆ ಆಲೂಗಡ್ಡೆ ಇಷ್ಟ. ಆದರೂ ನನ್ನ ತಾಯಿಯ ತಿಥಿಗೆ ನಲವತ್ತು ವರ್ಷ ಅಡಿಗೆ ಮಾಡಿದಳಲ್ಲ, ಒಂದು ಸಲವೂ ಅದನ್ನು ಒಲೆಯ ಹತ್ತಿರ ತರಲಿಲ್ಲ. ನನ್ನ ತಾಯಿ ಗುರುತಿಸುವಂತಹ ಊಟ ಆಗಬೇಕು ಎನ್ನುತ್ತಿದ್ದಳು.”

ಇಷ್ಟು ಹೇಳಿ ಅವರು ಪೊಟ್ಟಣವನ್ನು ಮಡಿಸಿಕೊಂಡರು. ಅತ್ತ ಕಹಳೆ ಊದಿ, ರಾಜನ ಸವಾರಿ ಬರುವುದೆಂದು ಕೂಗಿದರು. ಹುಡುಗ ಓಡಿದ, ಸೊಸೆ ಅವನ ಹಿಂದೆ ಹೋದಳು. ಮಗ ಬೆಂಚಿನ ಮೇಲೆ ತಂದೆಯ ಪಕ್ಕಕ್ಕೆ ಬಂದು ಕುಳಿತ. “ಅಪ್ಪಯ್ಯ, ಇದನ್ನು ನನಗೆ ಯಾರೂ ಹೇಳಿರಲಿಲ್ಲ” ಎಂದ. “ನೀನು ಕೇಳಲಿಲ್ಲ, ಅದಕ್ಕಿಂತ ಹೆಚ್ಚಾಗಿ ನಾನು ಹೇಳಲಿಲ್ಲ. ಆಗದು ಎಂದಷ್ಟೇ ಹೇಳಿದೆ” ಎಂದು ತಂದೆ ಉತ್ತರವಿತ್ತರು. ಇಬ್ಬರೂ ಸ್ವಲ್ಪ ಹೊತ್ತು ಸವಾರಿಯನ್ನು ನೋಡಿದರು. ರಾಜನ ವೇಷದ ಮಹಾಕಾಯನು ಎಡಬಲಕ್ಕೆ ಕೈಬೀಸುತ್ತ ಹೋದ. ಜನ ಟೊಪ್ಪಿಗೆ ತೆಗೆದು ಬಾಗಿದರು. ಅವನು ರಾಜನಲ್ಲವೆಂದು ಬಾಗಿದವರಿಗೆಲ್ಲ ಗೊತ್ತು. ಆದರೂ ಬಾಗಿದುದರಲ್ಲಿ ಹಾಸ್ಯವಿರಲಿಲ್ಲ.

ಬುಧವಾರ ಮಗ ರಜೆ ಹಾಕಿದ. ಅಂಗಡಿಯಿಂದ ಬಾಳೆಕಾಯಿ, ಕೆಸುವಿನ ಗೆಡ್ಡೆ, ಹಾಗಲಕಾಯಿಗಳನ್ನು ಹಿಂದಿನ ದಿನವೇ ತಂದಿದ್ದ. ಅಡಿಗೆಯನ್ನು ಅವನೂ ಹೆಂಡತಿಯೂ ಕೂಡಿ ಮಾಡಿದರು. ಹಿರಿಯರು ಬಾಗಿಲಿನಲ್ಲಿ ಕುಳಿತು, ಕೇಳಿದುದಕ್ಕೆ ಮಾತ್ರ ಉತ್ತರ ಹೇಳಿದರು. ವಡೆ ಗಟ್ಟಿಯಾಯಿತು. ಪಾಯಸಕ್ಕೆ ಬೆಲ್ಲ ಸಾಲದಾಯಿತು. ಪುರೋಹಿತರು ಮುಕ್ಕಾಲು ಗಂಟೆ ತಡವಾಗಿ ಬಂದರು. ಇಷ್ಟಾದರೂ ಕರ್ಮ ನಡೆಯಿತು. ಪಂಚೆ ಉಟ್ಟು ಓಡಾಡಲಾರದೆ ಒದ್ದಾಡುತ್ತಿದ್ದ ಹುಡುಗ, ಇದೂ ಜಾತ್ರೆಯ ಹಾಗೆ ವೇಷವೇ ಎಂದು ಕೇಳಿದುದಕ್ಕೆ, “ಮೊದಲು ವೇಷವೇ. ಉಟ್ಟು ಉಟ್ಟು ನಮ್ಮದಾಗುತ್ತದೆ” ಎಂದು ಅವನ ತಂದೆಯೇ ಉತ್ತರ ಕೊಟ್ಟ.

ಹಿತ್ತಿಲಿನ ಕಟ್ಟೆಯ ಮೇಲೆ ಪಿಂಡವನ್ನಿಟ್ಟು ಕಾಗೆಗಾಗಿ ಕಾದರು. ಮೊದಲು ಒಂದು ಅಳಿಲು ಬಂದಿತು. ಹುಡುಗ ಕೈತಟ್ಟಿ ಓಡಿಸಲು ಹೋದಾಗ ಹಿರಿಯರು, ಇರಲಿ ಬಿಡು ಎಂದರು. ಕಾಗೆ ಬೇಲಿಯ ಆಚೆಯ ಮೇಪಲ್ ಮರದಲ್ಲಿ ಕುಳಿತು ಬಹಳ ಹೊತ್ತು ನೋಡಿ, ಕಡೆಗೆ ಇಳಿಯಿತು. ಅಂದು ಸಾರನ್ನು ಎರಡನೆಯ ಸಲ ಹಾಕಿಸಿಕೊಂಡವನು ಹುಡುಗನೇ. ಮೆಣಸಿನಕಾಯಿ ಇಲ್ಲದೆಯೂ ಇಷ್ಟು ಕಾರ ಹೇಗೆಂದು ಅವನು ಕಣ್ಣಿನಲ್ಲಿ ನೀರು ತುಂಬಿಕೊಂಡು ಕೇಳಿದ. “ಅದು ನಿನ್ನ ಅಜ್ಜಿಯ ತೋಟದ ಮೆಣಸು. ಬರುವಾಗ ಪೆಟ್ಟಿಗೆಯಲ್ಲಿ ತಂದಿದ್ದೆ” ಎಂದು ಹಿರಿಯರು ಹೇಳಿ, ತಮ್ಮ ಎಲೆಯನ್ನು ಬಡಿಸುವವನ ಕಡೆಗೆ ಸ್ವಲ್ಪ ಸರಿಸಿದರು. ಬಡಿಸುತ್ತಿದ್ದವನು ಅವರ ಮಗ.